ತುಂಡಿಗೆ ತಲೆ ಯಾವ ಕಡೆ ಎಂದು ಹೇಗೆ ತಿಳಿಯುತ್ತದೆ

ಕಳೆದ ದೀಪಾವಳಿ ರಜೆಗೆ ಅಣ್ಣನ ಮಗಳು ಗದಗಿನಿಂದ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ಕೆಲಗೇರಿ ಕೆರೆಯ ದಂಡೆಗೆ ಹೋಗಿ, ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ನೀರನ್ನೂ, ದಂಡೆಯಲ್ಲಿ ತೇಲುತ್ತಿದ್ದ ಒಂದು ಹಿಡಿ ನೀರುಗಿಡವನ್ನೂ ತುಂಬಿಕೊಂಡು ಬಂದು ಅಡುಗೆಮನೆಯ ಕಿಟಕಿಯಲ್ಲಿಟ್ಟೆವು. ಎರಡು ದಿನ ಅದರಲ್ಲಿ ಕೆಸರಿನ ಹೊರತು ಬೇರೇನೂ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀರು ತಿಳಿಯಾಗಿತ್ತು. ಬಿಸಿಲು ಬೀಳುವ ಮಗ್ಗುಲಿನ ಗಾಜಿಗೆ ಅಂಟಿಕೊಂಡು, ಹೊಲಿಗೆ ದಾರದ ಎಳೆಯಷ್ಟು ತೆಳ್ಳಗಿನ, ಅರ್ಧ ಅಂಗುಲಕ್ಕೂ ಚಿಕ್ಕವಾದ ಹತ್ತು ಹನ್ನೆರಡು ಕಂದು ಎಳೆಗಳು ನೀರಿನಲ್ಲಿ ಜೋಲುತ್ತಿದ್ದವು.

“ಅತ್ತಿ, ಇವು ಗಿಡದ ಬೇರೇನು?” ಎಂದು ಅವಳು ಕೇಳಿದಳು.

“ಕಡ್ಡೀಲೆ ಸಾವಕಾಶ ಮುಟ್ಟಿ ನೋಡು,” ಎಂದೆ.

ಊದಿನಕಡ್ಡಿಯ ತುದಿ ತಾಗಿದ್ದೇ ತಡ, ಆ ಎಳೆ ಸರ್ರನೆ ಒಳಕ್ಕೆ ಸೇದಿಕೊಂಡು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಗುಂಡಾಯಿತು. ಎರಡು ನಿಮಿಷ ಕಳೆದ ಮೇಲೆ ಮೆಲ್ಲಗೆ ಮತ್ತೆ ಉದ್ದವಾಗಿ, ತುದಿಯಲ್ಲಿ ಆರು ಕರಬಳ್ಳಿಗಳನ್ನು ಬಿಚ್ಚಿತು. ಅದು ಹೈಡ್ರಾ. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿರುವ ನಾನು ಪ್ರತಿ ವರ್ಷವೂ ಮಕ್ಕಳಿಗೆ ಗಾಜಿನ ಸ್ಲೈಡಿನಲ್ಲಿ ಅಂಟಿಸಿ ಗುಲಾಬಿ ಬಣ್ಣ ಹಾಕಿದ ಹೈಡ್ರಾವನ್ನು ತೋರಿಸುತ್ತೇನೆ. “ಹೈಡ್ರಾ ಮತ್ತು ಪ್ಲನೇರಿಯಾಗಳಲ್ಲಿ ಪುನರುತ್ಪಾದನೆಯನ್ನು ಕಾಣಬಹುದು” ಎಂಬ ಒಂದು ವಾಕ್ಯವನ್ನು ಬರೆಸುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಆ ವಾಕ್ಯದೊಳಗೆ ಎಷ್ಟು ದೊಡ್ಡ ಪ್ರಶ್ನೆ ಕುಳಿತಿದೆ ಎಂಬುದನ್ನು ಜೀವಂತ ಹೈಡ್ರಾವನ್ನು ಕೈಯಾರೆ ಕತ್ತರಿಸಿ ಮೂರು ದಿನ ಕಾದು ನೋಡಿದವರು ಮಾತ್ರ ಬಲ್ಲರು ಎಂದು ನನಗೆ ಈಗ ದೃಢವಾಗಿ ಅನ್ನಿಸುತ್ತದೆ, ಮತ್ತು ಅದನ್ನೇ ಇಲ್ಲಿ ಸಾಧ್ಯವಾದಷ್ಟು ಬಿಡಿಸಿ ಬರೆಯಬೇಕೆಂದಿದ್ದೇನೆ.

ಹೈಡ್ರಾದ ದೇಹವೆಂದರೆ ಎರಡು ಪದರಿನ ಒಂದು ಕೊಳವೆ. ಹೊರಗೆ ಒಂದು ಪದರು ಜೀವಕೋಶ, ಒಳಗೆ ಒಂದು ಪದರು, ನಡುವೆ ತೆಳ್ಳಗಿನ ಅಂಟಿನಂಥ ಪೊರೆ. ಕೆಳತುದಿಯಲ್ಲಿ ಗಾಜಿಗೋ ಎಲೆಗೋ ಅಂಟಿಕೊಳ್ಳುವ ಪಾದ, ಮೇಲ್ತುದಿಯಲ್ಲಿ ಶಂಕುವಿನಾಕಾರದ ಚಿಕ್ಕ ಉಬ್ಬು, ಅದರ ತುದಿಯಲ್ಲಿ ಬಾಯಿ, ಸುತ್ತಲೂ ಕರಬಳ್ಳಿಗಳು. ಮಿದುಳಿಲ್ಲ, ಹೃದಯವಿಲ್ಲ, ರಕ್ತವಿಲ್ಲ. ಮೈತುಂಬ ಬಲೆಯಂತೆ ಹರಡಿದ ನರಕೋಶಗಳಿವೆ. ಕರಬಳ್ಳಿಗಳಲ್ಲಿರುವ ಕುಟುಕುಕೋಶಗಳು ಮಾತ್ರ ಸರಳ ಎಂಬ ಮಾತನ್ನು ಒಪ್ಪುವುದಿಲ್ಲ: ನೀರುಚಿಗಟವೊಂದು ತಾಗಿದಾಗ ಅವುಗಳೊಳಗಿನ ಮುಳ್ಳು ಹೊರಚಿಮ್ಮುವುದಕ್ಕೆ ತಗಲುವ ಸಮಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಜೀವಜಗತ್ತಿನ ಅತ್ಯಂತ ವೇಗದ ಚಲನೆಗಳಲ್ಲಿ ಅದೂ ಒಂದು.

ಕತ್ತರಿಸುವ ಕೆಲಸಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಒಂದು ಪೆಟ್ರಿ ತಟ್ಟೆ, ಒಂದು ಡ್ರಾಪರ್, ಪೊಟ್ಟಣದಿಂದ ಆಗಷ್ಟೇ ತೆಗೆದ ಕ್ಷೌರದ ಬ್ಲೇಡು, ಒಂದು ಭೂತಗನ್ನಡಿ. ಹೈಡ್ರಾ ತಟ್ಟೆಯಲ್ಲಿ ಪೂರ್ತಿ ಮೈಚಾಚುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು, ಏಕೆಂದರೆ ಮುದುಡಿದ ಗುಂಡನ್ನು ಕತ್ತರಿಸಿದರೆ ಯಾವುದು ಎಲ್ಲಿಯ ತುಂಡು ಎಂಬುದೇ ತಿಳಿಯದು. ನಾವು ಅದನ್ನು ಅಡ್ಡಲಾಗಿ ಎರಡು ಕಡೆ ಕತ್ತರಿಸಿ ಮೂರು ತುಂಡು ಮಾಡಿದೆವು: ತಲೆ, ನಡು, ಪಾದ. ಮೂರನ್ನೂ ಬೇರೆ ಬೇರೆ ತಟ್ಟೆಗಳಲ್ಲಿ ಹಾಕಿ, ತಟ್ಟೆಗಳ ಮೇಲೆ ಅಂಟುಪಟ್ಟಿಯಲ್ಲಿ ಹೆಸರು ಬರೆದು ಮುಚ್ಚಿಟ್ಟೆವು. ಅಣ್ಣನ ಮಗಳು ತನ್ನ ಗಣಿತದ ವಹಿಯ ಕೊನೆಯ ಹಾಳೆಗಳಲ್ಲಿ ವೇಳೆ ಹಾಕಿ ಬರೆದುಕೊಳ್ಳತೊಡಗಿದಳು.

ಅವಳ ವಹಿಯನ್ನೇ ನಂಬಿ ಹೇಳುವುದಾದರೆ, ನಡುತುಂಡು ಕತ್ತರಿಸಿದ ಒಂದು ತಾಸಿನಲ್ಲಿ ಚೆಂಡಿನಂತೆ ಉರುಟಾಯಿತು. ಸಂಜೆಯ ಹೊತ್ತಿಗೆ ಎರಡೂ ಕಡೆಯ ಗಾಯ ಮುಚ್ಚಿ, ಎಲ್ಲಿ ಕೊಯ್ದಿದ್ದೆವೆಂಬ ಗುರುತೂ ಉಳಿಯಲಿಲ್ಲ. ಮರುದಿನ ಅದು ಮತ್ತೆ ಸ್ವಲ್ಪ ಉದ್ದವಾಯಿತು. ಒಂದು ತುದಿ ತಟ್ಟೆಗೆ ಅಂಟಿಕೊಳ್ಳುವಂತೆ ತೋರಿತು. ಎರಡನೆಯ ದಿನ ರಾತ್ರಿ ಊಟದ ನಂತರ ಭೂತಗನ್ನಡಿ ಹಿಡಿದು ನೋಡಿದಾಗ ಇನ್ನೊಂದು ತುದಿಯಲ್ಲಿ ನಾಲ್ಕು ಬಿಳಿಯ ಗುಳ್ಳೆಗಳು, ಎಳೆಯ ಮಗುವಿನ ಒಸಡಿನಲ್ಲಿ ಹಲ್ಲು ಇಣುಕುವ ಹಾಗೆ, ಉಬ್ಬಿಕೊಂಡಿದ್ದವು. ಮೂರನೆಯ ದಿನ ಅವು ಕರಬಳ್ಳಿಗಳಾಗಿದ್ದವು. ನಾಲ್ಕನೆಯ ದಿನ ಆ ತುಂಡು ನೀರುಚಿಗಟವೊಂದನ್ನು ಹಿಡಿದು ನುಂಗಿತು. ತಲೆಯ ತುಂಡು ಅದಕ್ಕೂ ಮೊದಲೇ ತನಗೊಂದು ಪಾದವನ್ನು ಮಾಡಿಕೊಂಡು ನಿಂತಿತ್ತು. ಪಾದದ ತುಂಡು ಎಲ್ಲಕ್ಕಿಂತ ನಿಧಾನ. ಅದರ ತಲೆ ಮೂಡುವುದಕ್ಕೆ ಐದು ದಿನ ಹಿಡಿಯಿತು. ನಾನು ಹೇಳದೆಯೇ ಅವಳು ಒಂದು ಕರಬಳ್ಳಿಯನ್ನೂ ಕತ್ತರಿಸಿ ಬೇರೆ ತಟ್ಟೆಯಲ್ಲಿಟ್ಟಿದ್ದಳು. ಅದು ಎರಡು ದಿನ ಅಲ್ಲಾಡುತ್ತಿದ್ದು, ಆಮೇಲೆ ಕರಗಿಹೋಯಿತು. ಕರಬಳ್ಳಿಯ ಜೀವಕೋಶಗಳು ಆಗಲೇ ತಮ್ಮ ಕೊನೆಯ ಕಸುಬನ್ನು ಹಿಡಿದುಬಿಟ್ಟಿರುತ್ತವೆ. ಅವುಗಳಿಂದ ಹೊಸ ಮೈ ಹುಟ್ಟುವುದಿಲ್ಲ. ಎಲ್ಲ ತುಂಡಿಗೂ ಈ ಶಕ್ತಿ ಇಲ್ಲವೆಂಬುದು ಅವಳ ಸ್ವಂತ ಶೋಧ, ಮತ್ತು ಆ ಇಡೀ ವಾರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ.

ನಮ್ಮ ಅವ್ವನಿಗೆ ಈ ಕೆಲಸ ಸೇರಲಿಲ್ಲ. “ಹಬ್ಬದ ದಿನ ಜೀವಾ ಕೊಯ್ಯಾಕ ಕುಂತೀಯಲ್ಲ, ಪಾಪ ಅನ್ಸೂದಿಲ್ಲೇನ ನಿನಗ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ನಾವು ಓದುವಾಗ ಕಪ್ಪೆಗಳನ್ನು ಕ್ಲೋರೋಫಾರ್ಮ್ ಹಾಕಿ ಮಲಗಿಸಿ ಕೊಯ್ದಿದ್ದೇವೆ. ಅವು ಮತ್ತೆ ಏಳಲಿಲ್ಲ. ಅಂಥ ಛೇದನ ಕಾಲೇಜುಗಳಲ್ಲಿ ನಿಂತುಹೋದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಹೈಡ್ರಾದ ವಿಷಯ ಬೇರೆ. ಮಿದುಳೇ ಇಲ್ಲದ ಆ ಜೀವಿ ನಮ್ಮಂತೆ ನೋವನ್ನು ಅರಿಯುತ್ತದೆಂದು ಭಾವಿಸಲು ಕಾರಣ ಕಾಣುವುದಿಲ್ಲ, ಮತ್ತು ಒಂದನ್ನು ಕೊಯ್ದರೆ ಮೂರು ಬದುಕುತ್ತವೆ. ಆದರೂ ಬೇಕಾದಷ್ಟನ್ನೇ ಕತ್ತರಿಸಬೇಕು, ಕೆಲಸ ಮುಗಿದ ಮೇಲೆ ತಂದ ಕೆರೆಗೇ ಬಿಡಬೇಕು ಎಂದು ಅವ್ವನಿಗೆ ಮಾತು ಕೊಟ್ಟೆವು, ಹಾಗೆಯೇ ನಡೆದುಕೊಂಡೆವು.

ಈ ಪ್ರಯೋಗವನ್ನು ಮೊದಲು ಮಾಡಿದ ಮನುಷ್ಯನೂ ಒಬ್ಬ ಮೇಷ್ಟ್ರು, ಮತ್ತು ಅವನ ಪಕ್ಕದಲ್ಲಿಯೂ ಇಬ್ಬರು ಮಕ್ಕಳಿದ್ದರು. ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಹಾಲೆಂಡಿನ ಹೇಗ್ ನಗರದ ಹತ್ತಿರ ಕೌಂಟ್ ಬೆಂಟಿಂಕನ ಮನೆಯಲ್ಲಿ ಅವನ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದ. 1740ರ ಬೇಸಿಗೆಯಲ್ಲಿ ಹಳ್ಳದ ನೀರುಗಿಡಗಳ ಮೇಲೆ ಅವನಿಗೆ ಈ ಜೀವಿಗಳು ಕಂಡವು. ಅವನು ಮೊದಲು ಕಂಡದ್ದು ಹಸಿರು ಬಣ್ಣದ ಜಾತಿ. ಆದ್ದರಿಂದ ಇದು ಸಸ್ಯವೋ ಪ್ರಾಣಿಯೋ ಎಂಬ ಸಂಶಯ ಅವನನ್ನು ಬಿಡಲಿಲ್ಲ. ಮುಟ್ಟಿದರೆ ಮುದುಡುತ್ತದೆ, ಸರಿ. ಆದರೆ ನಾಚಿಕೆಮುಳ್ಳೂ ಮುಟ್ಟಿದರೆ ಮುದುಡುತ್ತದೆ. ಭರಣಿಯನ್ನು ತಿರುಗಿಸಿಟ್ಟರೆ ಅವು ನಡೆದುಕೊಂಡು ಮತ್ತೆ ಬೆಳಕಿನ ಕಡೆಗೆ ಸೇರುತ್ತವೆ ಎಂಬುದನ್ನೂ ಅವನು ಕಂಡ. ಕೊನೆಗೆ ಒಂದು ಉಪಾಯ ಹೂಡಿದ. ಗಿಡದ ಟೊಂಗೆ ಕಡಿದು ನೆಟ್ಟರೆ ಚಿಗುರುತ್ತದೆ, ಪ್ರಾಣಿಯನ್ನು ಕಡಿದರೆ ಸಾಯುತ್ತದೆ. ಹಾಗಾದರೆ ಇದನ್ನು ಕಡಿದು ನೋಡಿದರೆ ಉತ್ತರ ಸಿಗಬೇಕು. 1740ರ ನವೆಂಬರಿನಲ್ಲಿ ಒಂದನ್ನು ಎರಡು ತುಂಡು ಮಾಡಿದ. ಎರಡೂ ಬದುಕಿದವು, ಎರಡೂ ಪೂರ್ಣವಾದವು. ಅವನ ಲೆಕ್ಕದ ಪ್ರಕಾರ ಅದು ಸಸ್ಯವಾಗಬೇಕಿತ್ತು. ಆದರೆ ಅದೇ ಜೀವಿ ಬೇಟೆಯಾಡಿ ನುಂಗುವುದನ್ನೂ ಅವನು ಕಣ್ಣಾರೆ ನೋಡಿದ್ದ. ತಪ್ಪಿದ್ದು ಜೀವಿಯಲ್ಲ, ಪ್ರಾಣಿಯೆಂದರೆ ಏನೆಂಬ ತನ್ನ ಕಲ್ಪನೆ ಎಂದು ಒಪ್ಪಿಕೊಳ್ಳುವ ದೊಡ್ಡತನ ಟ್ರೆಂಬ್ಲೆಗೆ ಇತ್ತು.

ಅವನು ಪ್ಯಾರಿಸಿನ ರೆಯೋಮ್ಯೂರ್‌ ಎಂಬ ಹಿರಿಯ ವಿಜ್ಞಾನಿಗೆ ಜೀವಂತ ಹೈಡ್ರಾಗಳನ್ನು ಕಳಿಸಿದ. ಮೊದಲು ಕಳಿಸಿದವು ದಾರಿಯಲ್ಲಿ ಸತ್ತವು. ಬೇಸರಿಸದೆ ಮತ್ತೆ ಕಳಿಸಿದ. ಕೇಳಿದವರಿಗೆಲ್ಲ ಹೀಗೆ ಜೀವಿಗಳನ್ನೂ ಅವನ್ನು ಸಾಕುವ ಕ್ರಮವನ್ನೂ ಹಂಚಿದ್ದರಿಂದಲೇ ಯಾರೂ ನಂಬದ ಸುದ್ದಿಯನ್ನು ಎಲ್ಲರೂ ತಮ್ಮ ಮೇಜಿನ ಮೇಲೆ ಪರೀಕ್ಷಿಸಿ ನಂಬುವಂತಾಯಿತು. ತಲೆಯನ್ನು ಉದ್ದಕ್ಕೆ ಸೀಳಿ ಸೀಳಿ ಒಂದೇ ಮೈಗೆ ಏಳು ತಲೆಗಳನ್ನು ಬೆಳೆಸಿದ; ಹಂದಿಯ ಕೂದಲಿನ ಸಹಾಯದಿಂದ ಹೈಡ್ರಾವನ್ನು ಕಾಲುಚೀಲ ಮಗುಚುವ ಹಾಗೆ ಒಳಹೊರಗಾಗಿ ತಿರುಗಿಸಿದ. 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ತಲೆ ಕಡಿದರೆ ಮತ್ತೆ ತಲೆ ಬೆಳೆಸುವ ಗ್ರೀಕ್ ಪುರಾಣದ ಸರ್ಪದ ಹೆಸರನ್ನು ಲಿನೇಯಸ್ ಆಮೇಲೆ ಈ ಜೀವಿಗೆ ಇಟ್ಟ.

ಹೈಡ್ರಾ ಸಾಕುವವರು ತಿಳಿದಿರಬೇಕಾದ ಒಂದು ಮಾತನ್ನು ನಾನು ಸೋತು ಕಲಿತೆ. ನಮ್ಮ ಭಾಗಕ್ಕೆ ನಳದ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಬಂದಾಗ ಕೊಡ, ಹಂಡೆಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತೇವೆ. ನಳದ ನೀರಿನ ಕ್ಲೋರಿನ್ ಹೈಡ್ರಾಕ್ಕೆ ವಿಷವೆಂದು ನನಗೆ ಗೊತ್ತಿತ್ತು. ಎರಡು ದಿನ ಇಟ್ಟ ನೀರಿನಲ್ಲಿ ಅದು ಹಾರಿಹೋಗಿರುತ್ತದೆಂದು ಲೆಕ್ಕ ಹಾಕಿ, ದೇವರ ಮನೆಯ ಪಕ್ಕದ ಕೊಡದಿಂದ ನೀರು ತೆಗೆದು ಮೊದಲ ಬಾರಿ ಹಿಡಿದಿದ್ದ ಎಂಟು ಹೈಡ್ರಾಗಳನ್ನು ಅದರಲ್ಲಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಕರಬಳ್ಳಿಗಳು ಗಂಟುಗಂಟಾಗಿ ಮೊಂಡಾಗಿ, ಮೈ ಕರಗಿ, ತಟ್ಟೆಯ ತಳದಲ್ಲಿ ಬೂದಿಯಂಥ ಪುಡಿ ಉಳಿದಿತ್ತು. ಕೊಡ ತಾಮ್ರದ್ದು. ನಮಗೆ ಆರೋಗ್ಯವೆಂದು ನಾವು ಕುಡಿಯುವ ಆ ನೀರಿನಲ್ಲಿ ಕರಗಿರುವ ಅತ್ಯಲ್ಪ ತಾಮ್ರವೂ ಹೈಡ್ರಾಕ್ಕೆ ಪ್ರಾಣಾಂತಿಕ. ಇಡೀ ಮೈ ಎರಡೇ ಪದರು ಕೋಶಗಳಾಗಿರುವಾಗ ಪ್ರತಿಯೊಂದು ಕೋಶವೂ ನೀರಿಗೆ ನೇರವಾಗಿ ತೆರೆದುಕೊಂಡಿರುತ್ತದೆ. ನಮ್ಮಂತೆ ಚರ್ಮ, ಯಕೃತ್ತುಗಳ ಕಾವಲು ಅದಕ್ಕಿಲ್ಲ. ಕೊಯ್ದರೆ ಸಾಯದ ಪ್ರಾಣಿ ಒಂದು ಕೊಡದ ನೀರಿಗೆ ಸತ್ತಿತು. ಅಂದಿನಿಂದ ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟ, ಸೋಸಿದ ಕೆರೆಯ ನೀರನ್ನೇ ಬಳಸುತ್ತೇನೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮೂರು ತುಂಡುಗಳ ನಡುವೆ ನಾವು ಎಳೆದದ್ದು ಎರಡು ಗೆರೆ. ತಲೆ ಮತ್ತು ನಡುವಿನ ನಡುವಣ ಗೆರೆಯನ್ನೇ ತೆಗೆದುಕೊಳ್ಳಿ. ಬ್ಲೇಡು ಬೀಳುವ ಮುನ್ನ ಆ ಗೆರೆಯ ಮೇಲಿನ ಕೋಶವೂ ಕೆಳಗಿನ ಕೋಶವೂ ಅಕ್ಕಪಕ್ಕದ ಮನೆಯವು, ಒಂದೇ ಬಗೆಯವು. ಬ್ಲೇಡು ಬಿದ್ದ ನಂತರ ಮೇಲಿನ ಕೋಶ ಪಾದವಾಗುತ್ತದೆ, ಕೆಳಗಿನ ಕೋಶ ತಲೆಯಾಗುತ್ತದೆ. ಕೂದಲೆಳೆಯ ಅಂತರದಲ್ಲಿದ್ದ ಎರಡು ಕೋಶಗಳಿಗೆ ಇಷ್ಟು ಬೇರೆ ಬೇರೆ ಹಣೆಬರಹವನ್ನು ಬರೆದವರು ಯಾರು? ಗಾಯ ಎರಡಕ್ಕೂ ಒಂದೇ. ನೀರು ಒಂದೇ. ತನಗೆ ಏನಿಲ್ಲ, ಅದು ಯಾವ ಕಡೆಗಿಲ್ಲ ಎಂಬುದು ತುಂಡಿಗೆ ಹೇಗೆ ತಿಳಿಯುತ್ತದೆ? ಪುನರುತ್ಪಾದನೆಯೆಂದರೆ ಬೆಳವಣಿಗೆ ಎಂದು ಮಕ್ಕಳು ತಿಳಿಯುತ್ತಾರೆ, ನಾವೂ ಹಾಗೆಯೇ ಕಲಿಸುತ್ತೇವೆ. ಹೈಡ್ರಾದಲ್ಲಿ ಅದು ಹೆಚ್ಚು ಕಡಿಮೆ ಬೆಳವಣಿಗೆಯೇ ಅಲ್ಲ; ಕೋಶ ವಿಭಜನೆಯನ್ನು ತಡೆದರೂ ಇದ್ದ ಕೋಶಗಳೇ ಪಾತ್ರ ಬದಲಿಸಿಕೊಂಡು ಚಿಕ್ಕದೊಂದು ಪೂರ್ಣ ಹೈಡ್ರಾ ಆಗುತ್ತವೆ. ಕೆಲವು ನೂರು ಕೋಶಗಳಿರುವ ತುಣುಕೂ ಸಾಕು. ಆದ್ದರಿಂದ ಇದು ದಿಕ್ಕಿನ ಪ್ರಶ್ನೆ, ಸ್ಥಾನದ ಪ್ರಶ್ನೆ.

ಇದಕ್ಕೆ ಸಮೀಪದ ಒಂದು ಸಂಗತಿ ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಅಣ್ಣಿಗೇರಿ ಹತ್ತಿರದ ಎರೆಹೊಲದಲ್ಲಿ ನಮ್ಮ ಅಜ್ಜ ಹಿಂಗಾರಿಗೆ ಕಡಲೆ ಬಿತ್ತುತ್ತಿದ್ದರು. ಬಿತ್ತಿ ತಿಂಗಳಾಗುತ್ತಲೇ ಹೆಣ್ಣುಮಕ್ಕಳೆಲ್ಲ ಹೊಲಕ್ಕಿಳಿದು ಕುಡಿ ಚಿವುಟುತ್ತಿದ್ದೆವು; ಉಡಿಯಲ್ಲಿ ತುಂಬಿಕೊಂಡು ಬಂದ ಹುಳಿಹುಳಿ ಕುಡಿ ಸಂಜೆಗೆ ಪಲ್ಯವಾಗುತ್ತಿತ್ತು. ಕುಡಿ ಇರುವವರೆಗೆ ಗಿಡ ನೆಟ್ಟಗೆ ಮೇಲೇಳುತ್ತದೆ. ಕುಡಿ ಹೋದೊಡನೆ ಪಕ್ಕದ ಕಣ್ಣುಗಳೆಲ್ಲ ಎಚ್ಚತ್ತು ಟಿಸಿಲೊಡೆಯುತ್ತವೆ, ಕಾಯಿ ಹೆಚ್ಚುತ್ತದೆ. ತುದಿಯ ಕುಡಿಯಿಂದ ಕೆಳಗಿಳಿಯುವ ಒಂದು ರಾಸಾಯನಿಕ ಪಕ್ಕದ ಕಣ್ಣುಗಳನ್ನು ಅದುಮಿಟ್ಟಿರುತ್ತದೆ ಎಂಬುದು ಅದರ ಕಾರಣ. ಹೈಡ್ರಾದ ತಲೆಯೂ ಹೀಗೆಯೇ ತನ್ನ ಕೆಳಗಿನ ಮೈಗೆ ಇನ್ನೊಂದು ತಲೆ ಮೂಡದಂತೆ ತಡೆಯೊಡ್ಡುತ್ತದೆ. ಆ ತಡೆ ತಲೆಯ ಹತ್ತಿರ ಬಲವಾಗಿಯೂ ದೂರ ಹೋದಂತೆ ಕ್ಷೀಣವಾಗಿಯೂ ಇರುತ್ತದೆ. ಅದರ ಜೊತೆಗೆ ಮೈಯ ಪ್ರತಿಯೊಂದು ಭಾಗಕ್ಕೂ ತಲೆಯಾಗುವ ಒಂದು ಒಲವು ಇದ್ದು, ಅದೂ ಮೇಲಿನಿಂದ ಕೆಳಕ್ಕೆ ಇಳಿಮುಖ. ತಲೆಯನ್ನು ಕೊಯ್ದಾಗ ತಡೆ ಇಲ್ಲವಾಗುತ್ತದೆ; ಉಳಿದ ತುಂಡಿನಲ್ಲಿ ಒಲವು ಅತಿ ಹೆಚ್ಚಾಗಿರುವುದು ಅದರ ಮೇಲಂಚಿನಲ್ಲಿ; ಆದ್ದರಿಂದ ತಲೆ ಅಲ್ಲಿಯೇ ಮೂಡುತ್ತದೆ. ಒಮ್ಮೆ ಮೂಡತೊಡಗಿದರೆ ಅದು ಉಳಿದ ಭಾಗವನ್ನು ಮತ್ತೆ ತಡೆಯುತ್ತದೆ. ಪಾದದ ತುಂಡಿನಲ್ಲಿ ಆ ಒಲವು ಎಲ್ಲಕ್ಕಿಂತ ಕಡಿಮೆ. ನಮ್ಮ ತಟ್ಟೆಯಲ್ಲಿ ಅದು ಐದು ದಿನ ತೆಗೆದುಕೊಂಡದ್ದಕ್ಕೆ ಇದೇ ಕಾರಣ.

ತಲೆಗೆ ಇಂಥ ಅಧಿಕಾರವಿದೆಯೆಂದು ತೋರಿಸಿದವಳು ಎಥೆಲ್ ಬ್ರೌನ್ ಎಂಬ ಅಮೆರಿಕದ ತರುಣ ಸಂಶೋಧಕಿ. 1909ರಲ್ಲಿ ಅವಳು ಒಂದು ಹೈಡ್ರಾದ ಬಾಯಿಯ ಬಳಿಯ ಚೂರನ್ನು ತೆಗೆದು ಇನ್ನೊಂದರ ನಡುವಿಗೆ ಕಸಿ ಮಾಡಿದಳು. ಅಲ್ಲಿ ಎರಡನೆಯ ತಲೆಯೂ ಅದಕ್ಕೊಂದು ಮೈಯೂ ಎದ್ದವು. ಹಸಿರು ಹೈಡ್ರಾ ಮತ್ತು ಹಸಿರು ಕಳೆದ ಹೈಡ್ರಾಗಳನ್ನು ಜೋಡಿಸಿ ನೋಡಿದ್ದರಿಂದ ಹೊಸ ಮೈ ಬಹುಪಾಲು ಆಶ್ರಯ ಕೊಟ್ಟ ಹೈಡ್ರಾದ ಕೋಶಗಳಿಂದಲೇ ಆದದ್ದೆಂದು ಬಣ್ಣದಿಂದಲೇ ಗೊತ್ತಾಯಿತು. ಕಸಿ ಮಾಡಿದ ಚೂರು ಸುತ್ತಲಿನ ಕೋಶಗಳಿಗೆ ಅಪ್ಪಣೆ ಕೊಟ್ಟಿತ್ತಷ್ಟೇ. ಇಂಥ “ಸಂಘಟಕ” ಭಾಗವನ್ನು ಸಲಮಾಂಡರಿನ ಭ್ರೂಣದಲ್ಲಿ ಹಾನ್ಸ್ ಸ್ಪೀಮನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ ತೋರಿಸಿದ್ದು 1924ರಲ್ಲಿ, ಸ್ಪೀಮನ್‌ಗೆ ನೊಬೆಲ್ ಬಂದದ್ದು 1935ರಲ್ಲಿ. ಹದಿನೈದು ವರ್ಷ ಮುಂಚೆಯೇ ಹೈಡ್ರಾದಲ್ಲಿ ಅದನ್ನು ಕಂಡ ಬ್ರೌನ್ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಎಲ್ಲಿಯೂ ನನಗೆ ಸಿಕ್ಕಿಲ್ಲ. ಇದು ಸರಿಯಲ್ಲ, ನಾನು ಮಾತ್ರ ಇನ್ನು ಮುಂದೆ ಆ ಹೆಸರು ಹೇಳದೆ ಈ ಪಾಠ ಮಾಡುವುದಿಲ್ಲ.

1972ರಲ್ಲಿ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ಆಲ್ಫ್ರೆಡ್ ಗೀರರ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಹೈಡ್ರಾಗಳನ್ನು ಕೋಶಕೋಶವಾಗಿ ಬಿಡಿಸಿ, ಆ ಗಂಜಿಯಂಥ ರಾಶಿಯನ್ನು ಒಟ್ಟುಗೂಡಿಸಿ ಬಿಟ್ಟರು. ಮೇಲು ಕೆಳಗು ಎಂಬುದೆಲ್ಲ ಕಲಸಿಹೋಗಿದ್ದ ಆ ಮುದ್ದೆಯಲ್ಲಿ ಮೊದಲು ಹೊರಪದರು ಒಳಪದರು ಬೇರ್ಪಟ್ಟು, ಅದು ಟೊಳ್ಳಾದ ಚೆಂಡಾಗಿ, ಅಲ್ಲಲ್ಲಿ ತಲೆಗಳು ಮೂಡಿ, ಕೆಲವು ದಿನಗಳಲ್ಲಿ ಸರಿಯಾದ ಹೈಡ್ರಾಗಳು ಬೇರೆಬೇರೆಯಾದವು. ಗೀರರ್ ಮತ್ತು ಹಾನ್ಸ್ ಮೈನ್‌ಹಾರ್ಟ್ ಅದೇ ವರ್ಷ ಇದಕ್ಕೊಂದು ಗಣಿತದ ವಿವರಣೆ ಕೊಟ್ಟರು: ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ, ಹತ್ತಿರಕ್ಕೆ ಮಾತ್ರ ತಲುಪುವ ಒಂದು ಪ್ರಚೋದಕ, ಮತ್ತು ದೂರಕ್ಕೆ ಹರಡುವ ಒಂದು ತಡೆ, ಇವೆರಡಿದ್ದರೆ ಏನೂ ಇಲ್ಲದ ಕಡೆ ಆಕಾರ ತಾನಾಗಿ ಹುಟ್ಟಬಲ್ಲದು. ಆ ಪ್ರಚೋದಕದ ಕೆಲಸದಲ್ಲಿ ವಿಂಟ್ ಎಂಬ ಸಂಕೇತ ಪ್ರೋಟೀನಿನ ಪಾತ್ರ ಹಿರಿದೆಂದು 2000ದಲ್ಲಿ ಹೈಡ್ರಾದ ತಲೆಯಲ್ಲಿ ಕಂಡುಬಂತು. ವಿಂಟ್ ನಮ್ಮಲ್ಲೂ ಇದೆ. ಭ್ರೂಣ ಬೆಳೆಯುವಾಗಲೂ ಕರುಳಿನ ಒಳಪದರು ಹೊಸದಾಗುತ್ತಿರುವಾಗಲೂ ಕೆಲಸ ಮಾಡುತ್ತದೆ, ಅದರ ದಾರಿ ಕೆಟ್ಟರೆ ದೊಡ್ಡಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕೆಲಗೇರಿ ಕೆರೆಯ ದಾರದೆಳೆಗೂ ನಮಗೂ ಇರುವ ಸಂಬಂಧ ಇಷ್ಟು ಹತ್ತಿರದ್ದು.

ಪ್ಲನೇರಿಯಾದ ದಾರಿ ಬೇರೆ. ಅಡ್ಡಗಣ್ಣಿನ ಹಾಗೆ ತೋರುವ ಎರಡು ಕಪ್ಪು ಕಣ್ಣುಚುಕ್ಕೆಗಳುಳ್ಳ ಈ ಚಪ್ಪಟೆ ಹುಳುವಿಗೆ ಮಿದುಳಿದೆ, ಸ್ನಾಯುಗಳಿವೆ, ಕವಲೊಡೆದ ಕರುಳಿದೆ. ಹರಿಯುವ ತಿಳಿನೀರಿನ ಕಲ್ಲುಗಳ ಅಡಿಯಲ್ಲಿ ಹುಡುಕಬೇಕು. ಕೋಳಿಯ ಯಕೃತ್ತಿನ ಚೂರನ್ನು ದಾರಕ್ಕೆ ಕಟ್ಟಿ ನೀರಲ್ಲಿಟ್ಟರೆ ತಾವಾಗಿ ಬಂದು ಮುತ್ತಿಕೊಳ್ಳುತ್ತವೆ. ಮುಂದೆ ಅನುವಂಶಿಕತೆಯ ಸಂಶೋಧನೆಗೆ ಹೆಸರಾದ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಇದನ್ನು ಕತ್ತರಿಸುತ್ತ ಹೋಗಿ, ಮೈಯ 279ರಲ್ಲಿ ಒಂದು ಪಾಲಿನಷ್ಟು ಚಿಕ್ಕ ತುಂಡಿನಿಂದಲೂ ಪೂರ್ಣ ಹುಳು ಬೆಳೆಯಬಲ್ಲದೆಂದು ತೋರಿಸಿದ. ಇಲ್ಲಿ ಕೆಲಸ ಮಾಡುವುದು ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು. ವಯಸ್ಕ ಹುಳುವಿನಲ್ಲಿ ವಿಭಜಿಸಬಲ್ಲ ಕೋಶಗಳು ಇವು ಮಾತ್ರ. ಗಾಯವಾದ ಕಡೆ ಇವುಗಳ ಸಂತತಿ ಸೇರಿ ಬಣ್ಣವಿಲ್ಲದ ಒಂದು ಮೊಗ್ಗು ಏಳುತ್ತದೆ, ಅದರೊಳಗಿಂದ ಕಣ್ಣು, ಮಿದುಳುಗಳು ಮೂಡುತ್ತವೆ. ವಿಕಿರಣದಿಂದ ಈ ಕೋಶಗಳನ್ನು ಕೊಂದರೆ ಹುಳು ಕೆಲವು ವಾರಗಳಲ್ಲಿ ಸಾಯುತ್ತದೆ. 2011ರಲ್ಲಿ ಹಾಗೆ ಸಾಯಲಿದ್ದ ಹುಳುವಿಗೆ ಬೇರೊಂದು ಹುಳುವಿನ ಒಂದೇ ಒಂದು ನಿಯೋಬ್ಲಾಸ್ಟನ್ನು ಸೇರಿಸಿ ನೋಡಿದರು. ಆ ಒಂದು ಕೋಶದ ಸಂತತಿ ಮೈತುಂಬ ಹರಡಿ ಹುಳು ಬದುಕಿತು.

ದಿಕ್ಕಿನ ಪ್ರಶ್ನೆ ಇಲ್ಲಿಯೂ ಅದೇ. 2008ರಲ್ಲಿ ಮೂರು ಸಂಶೋಧಕರ ಗುಂಪುಗಳು, ವಿಂಟ್‌ನ ಸಂದೇಶವನ್ನು ಕೋಶದೊಳಗೆ ಒಯ್ಯುವ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನಿನ ವಂಶವಾಹಿಯನ್ನು ಪ್ಲನೇರಿಯಾದಲ್ಲಿ ಮೌನಗೊಳಿಸಿದವು. ಬಾಲ ಬೆಳೆಯಬೇಕಾದ ಕಡೆ ತಲೆ ಬೆಳೆಯಿತು. ಹೈಡ್ರಾದಲ್ಲಿ ವಿಂಟ್ ತಲೆಯ ಕಡೆ ಹೆಚ್ಚು, ಪ್ಲನೇರಿಯಾದಲ್ಲಿ ಬಾಲದ ಕಡೆ ಹೆಚ್ಚು. ಭಾಷೆ ಒಂದೇ, ತುದಿ ಬೇರೆ. ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು 2013ರ ಫಲಿತಾಂಶ. ಪ್ಲನೇರಿಯಾಗಳ ಹತ್ತಿರದ ಬಂಧುಗಳಲ್ಲಿ ಕೆಲವು ಜಾತಿಗಳು ಮೈಯ ಹಿಂಭಾಗದಲ್ಲಿ ಕತ್ತರಿಸಿದರೆ ತಲೆ ಬೆಳೆಸಲಾರವು. ಗಾಯ ಮುಚ್ಚಿ ಹಾಗೆಯೇ ಉಳಿದು ಸಾಯುತ್ತವೆ. ಅಂಥ ಹುಳುಗಳಲ್ಲಿ ಈ ಒಂದು ವಂಶವಾಹಿಯನ್ನು ತಗ್ಗಿಸಿದಾಗ ಅವು ತಲೆ ಬೆಳೆಸಿದವು. ಅಂದರೆ ಆ ಹುಳುಗಳಿಗೆ ಶಕ್ತಿಯೂ ಕೋಶಗಳೂ ಇದ್ದವು, ನಡುವೆ ಒಂದು ಅಡ್ಡಿಯಿತ್ತು. ಯಾವುದನ್ನು ನಾವು ಇಲ್ಲವೆಂದು ಬಗೆದಿದ್ದೆವೋ ಅದು ಕಟ್ಟಿಹಾಕಲ್ಪಟ್ಟಿತ್ತು.

ಇದರಿಂದ ನಾಳೆಯೇ ಮನುಷ್ಯನಿಗೆ ಕಳೆದ ಕೈ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಯಕೃತ್ತು ಕತ್ತರಿಸಿದಷ್ಟನ್ನು ತುಂಬಿಕೊಳ್ಳುತ್ತದೆ, ಚಿಕ್ಕ ಮಕ್ಕಳ ಬೆರಳ ತುದಿ ಹೋದರೆ ಕೆಲವೊಮ್ಮೆ ಮರಳಿ ಬರುತ್ತದೆ. ನಮ್ಮ ಪಾಲಿಗೆ ಸದ್ಯ ಇರುವುದು ಅಷ್ಟು. ಬೆಳೆಯುವಂತೆ ಮಾಡುವುದಕ್ಕಿಂತ ಸರಿಯಾದ ಕಡೆ ಸರಿಯಾದದ್ದು ಬೆಳೆದು ನಿಲ್ಲುವಂತೆ ಮಾಡುವುದು ಕಷ್ಟ, ಮತ್ತು ಆ ಪಾಠವನ್ನು ಕಲಿಯಲು ಎರಡು ಪದರಿನ ಕೊಳವೆಗಿಂತ ಒಳ್ಳೆಯ ಹಲಗೆ ಸಿಗಲಾರದು. ನಮ್ಮ ದೇಶದಲ್ಲಿಯೇ ಈ ಕೆಲಸ ನಡೆದಿದೆ. ಪುಣೆಯ ಅಗರಕರ್ ಸಂಶೋಧನಾ ಸಂಸ್ಥೆಯಲ್ಲಿ ಸುರೇಂದ್ರ ಘಾಸಕಡಬಿ ಮತ್ತು ಅವರ ಸಂಗಡಿಗರು ಹೈಡ್ರಾದ ಪುನರುತ್ಪಾದನೆಯನ್ನು ಬಹುಕಾಲ ಅಭ್ಯಸಿಸಿದ್ದಾರೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ದಾಶರಥಿ ಪಾಲಕೋಡೇಟಿಯವರ ಪ್ರಯೋಗಾಲಯ ಪ್ಲನೇರಿಯಾಗಳ ಮೇಲೆ ಕೆಲಸ ಮಾಡುತ್ತಿದೆ. 1992ರಲ್ಲಿ ಭುವನೇಶ್ವರದ ಪ್ರಿಯಂಬದಾ ಮೊಹಂತಿ ಹೆಜ್ಮಾಡಿ ಮತ್ತು ಸಂಗಡಿಗರು, ಬಾಲ ಕತ್ತರಿಸಿದ ಗೊದಮೊಟ್ಟೆಗಳನ್ನು ಎ ಜೀವಸತ್ವದ ದ್ರಾವಣದಲ್ಲಿಟ್ಟಾಗ ಬಾಲದ ಜಾಗದಲ್ಲಿ ಕಾಲುಗಳು ಬೆಳೆದದ್ದನ್ನು ಪ್ರಕಟಿಸಿದರು. ಜಾಗ ಮರೆತರೆ ಏನಾಗುತ್ತದೆಂದು ಅದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ನನಗೆ ಗೊತ್ತಿಲ್ಲ.

ರಜೆ ಮುಗಿದು ಅಣ್ಣನ ಮಗಳು ಗದಗಿಗೆ ಹೊರಟಾಗ ಉಳಿದವನ್ನೆಲ್ಲ ಕೆರೆಗೆ ಬಿಟ್ಟೆವು. ನಡುತುಂಡಿನಿಂದ ಬೆಳೆದ ಹೈಡ್ರಾವನ್ನು ಮಾತ್ರ ಅವಳು ಅಜ್ಜಿಯ ಒಪ್ಪಿಗೆ ಕೇಳಿ ಜಾಮ್ ಬಾಟಲಿಯಲ್ಲಿ ಹಾಕಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು. ಎರಡು ವಾರಕ್ಕೆ ಫೋನ್ ಬಂತು. ಅದಕ್ಕೆ ಮರಿ ಮೊಗ್ಗು ಬಂದಿದೆ, ಮರಿಯ ತಲೆ ಹೊರಗಿನ ತುದಿಯಲ್ಲಿದೆ, ಪಾದ ತಾಯಿಯ ಮೈಗಂಟಿದೆ ಎಂದು ವರದಿ ಕೊಟ್ಟಳು. ಎಲ್ಲಿ ಬಂದಿದೆ ಎಂದು ಕೇಳಿದೆ. ಸ್ಕೇಲು ಹಿಡಿದು ಅಳೆದಿದ್ದಳಂತೆ. ಎರಡನೆಯ ಮೊಗ್ಗೂ ಅದೇ ಮಟ್ಟದಲ್ಲಿ, ಮೈಯ ಕೆಳಗಿನ ಭಾಗದಲ್ಲಿಯೇ ಬಂದಿದೆ, ತಲೆಯ ಹತ್ತಿರ ಒಂದೂ ಬಂದಿಲ್ಲ.

“ತಲಿ ದೂರ ಇದ್ದಲ್ಲೆ ಮೊಗ್ಗಿ ಏಳ್ತಾವ ಅತ್ತಿ, ಮುತ್ಯಾನ ಕಡ್ಲಿ ಗಿಡದ ಹಂಗ,” ಎಂದಳು. “ತಲಿ ಕೊಯ್ದು ನೋಡ್ತೇನಿ, ಆಮ್ಯಾಲ ಮ್ಯಾಲಿನ ಕಡೆನೂ ಮೊಗ್ಗಿ ಬರ್ತೈತೇನು ಅಂತ.”

ಬ್ಲೇಡು ಹೊಸದಿರಲಿ, ತಾಮ್ರದ ಲೋಟದ ನೀರು ಬೇಡ, ವೇಳೆ ಬರೆದುಕೋ ಎಂದು ಹೇಳಿ ಫೋನಿಟ್ಟೆ.